ನೀರಿಗಿಳಿಯುವ ಮುನ್ನ ಜಾಕೆಟ್ ತೂಗಿ ನೋಡಿ

ಯಾದಗಿರಿ, ಶಹಾಪುರ, ಸುರಪುರ ಸೀಮೆಯವರಿಗೆ ಕೃಷ್ಣೆ, ಭೀಮೆಯರು ಮನೆಯ ಹೆಣ್ಣುಮಕ್ಕಳಿದ್ದ ಹಾಗೆ. ಬೇಸಿಗೆಯಲ್ಲಿ ಮೌನ, ಆಷಾಢ ಶ್ರಾವಣಗಳಲ್ಲಿ ಮುನಿಸು. ಆ ಮುನಿಸಿನ ದಿನಗಳಲ್ಲಿ ನದಿಯ ನಡುಗಡ್ಡೆಗಳಲ್ಲಿರುವವರ ಪಾಡು ಹೇಳತೀರದು. ಸುರಪುರ ಸೀಮೆಯಲ್ಲಿ ಕಕ್ಕೇರಾ ಹತ್ತಿರ ನೀಲಕಂಠರಾಯನಗಡ್ಡಿ ಎಂಬ ಇಂಥದೊಂದು ನಡುಗಡ್ಡೆ ಇದೆ. 2013ರ ಜುಲೈ ತಿಂಗಳ ಕೊನೆಯಲ್ಲಿ ಕೃಷ್ಣೆ ತುಂಬಿ ಹರಿಯುತ್ತಿದ್ದಾಗ ಅಲ್ಲಿನ ತುಂಬು ಗರ್ಭಿಣಿಯೊಬ್ಬಳು ಹೆರಿಗೆಗಾಗಿ ಆಚೆ ದಡ ಸೇರಬೇಕಾಗಿತ್ತು. ಅಂಥ ಪ್ರವಾಹದಲ್ಲಿ ಹರಿಗೋಲು ಹಾಕುವಂತಿರಲಿಲ್ಲ. ಆಕೆ ಒಣಗಿದ ಸೋರೆ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತಂದೆ ಮತ್ತು ಅಣ್ಣತಮ್ಮಂದಿರ ಬೆಂಗಾವಲಿನಲ್ಲಿ ಹೊಳೆ ಈಜಿ ದಡ ಸೇರಿದಳು. ದೇಶ ವಿದೇಶಗಳ ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು.

ಎಲ್ಲರೂ ಆಕೆಯ ಧೈರ್ಯವನ್ನು ಕೊಂಡಾಡಿದರು. ಕೊಂಡಾಡಬೇಕಾದದ್ದೇ. ಆದರೆ ವಿಜ್ಞಾನದ ವಿದ್ಯಾರ್ಥಿಗಳಾದ ನಾವು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಬರಿ ಒಣ ಬುರುಡೆಗೆ ಮನುಷ್ಯರ ಭಾರ ಹೊರುವ ಶಕ್ತಿ ಎಲ್ಲಿಂದ ಬಂತು? ಇಂದು ಶಾಲಾ ಪ್ರವಾಸಕ್ಕೆಂದು ದಾಂಡೇಲಿಗೋ ಶರಾವತಿಯ ಹಿನ್ನೀರಿಗೋ ಹೋಗಿ ಕಯಾಕ್ ಎಂಬ ಸಣ್ಣ ದೋಣಿಯಲ್ಲಿ ಕೂಡುವ ನಮ್ಮ ಮಕ್ಕಳಿಗೆ ತೊಡಿಸುವ ಬಣ್ಣದ ಜಾಕೆಟ್ಟಿಗೂ ಆ ಬುರುಡೆಗೂ ಏನು ನಂಟು? ಆ ಜಾಕೆಟ್ ಗಟ್ಟಿಯೋ ಟೊಳ್ಳೋ ಎಂದು ತಿಳಿಯುವುದು ಹೇಗೆ?

ಬುರುಡೆಯ ಲೆಕ್ಕ

ಒಂಬತ್ತನೆಯ ತರಗತಿಯ ಗುರುತ್ವಾಕರ್ಷಣೆಯ ಪಾಠದಲ್ಲಿ ಆರ್ಕಿಮಿಡೀಸನ ತತ್ವ ಬರುತ್ತದೆ. ನೀರಿನಲ್ಲಿ ಮುಳುಗಿದ ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೆಯೋ ಅಷ್ಟು ನೀರಿನ ತೂಕಕ್ಕೆ ಸಮನಾದ ಬಲ ಅದನ್ನು ಮೇಲಕ್ಕೆ ನೂಕುತ್ತದೆ. ಪರೀಕ್ಷೆಗೆಂದು ಬಾಯಿಪಾಠ ಮಾಡುವ ಈ ವಾಕ್ಯ ಹೊಳೆಯಲ್ಲಿ ಪ್ರಾಣ ಉಳಿಸುವ ವಾಕ್ಯ.

ಐದು ಲೀಟರ್ ಗಾತ್ರದ ಒಂದು ಒಣ ಬುರುಡೆಯನ್ನು ತೆಗೆದುಕೊಳ್ಳೋಣ. ಅದರ ತೂಕ ಅರ್ಧ ಕಿಲೋ ಎಂದಿಟ್ಟುಕೊಳ್ಳಿ. ಪೂರ್ತಿ ಮುಳುಗಿದಾಗ ಅದು ಸರಿಸುವ ನೀರು ಐದು ಕಿಲೋ. ತನ್ನ ಅರ್ಧ ಕಿಲೋ ಕಳೆದರೆ ನಾಲ್ಕೂವರೆ ಕಿಲೋ ಭಾರವನ್ನು ಎತ್ತಿ ಹಿಡಿಯುವ ಶಕ್ತಿ ಉಳಿಯಿತು. ಒಂದು ಕಿಲೋ ಭಾರ ಎಂದರೆ 9.8 ನ್ಯೂಟನ್. ಹಾಗಾಗಿ ಒಂದು ಬುರುಡೆಯಿಂದ ಸುಮಾರು 44 ನ್ಯೂಟನ್, ಎರಡರಿಂದ 88 ನ್ಯೂಟನ್ ಸಿಗುತ್ತದೆ.

ಅಷ್ಟು ಸಾಕೇ ಎಂದು ನೀವು ಕೇಳಬಹುದು. ಅರವತ್ತು ಕಿಲೋ ತೂಗುವವರನ್ನು ಒಂಬತ್ತು ಕಿಲೋ ಎತ್ತುವ ಬುರುಡೆ ಹೇಗೆ ತೇಲಿಸೀತು? ಇಲ್ಲಿಯೇ ಸ್ವಾರಸ್ಯವಿರುವುದು. ನಮ್ಮ ಮೈಯ ಬಹುಪಾಲು ನೀರೇ. ಎದೆ ತುಂಬ ಉಸಿರು ಎಳೆದುಕೊಂಡಾಗ ನಮ್ಮ ದೇಹ ನೀರಿಗಿಂತ ತುಸುವೇ ಹಗುರ, ಉಸಿರು ಬಿಟ್ಟಾಗ ಹೆಚ್ಚಿನವರು ತುಸುವೇ ಭಾರ. ನೀರಿನೊಳಗಿರುವ ಮೈಯನ್ನು ಬಹುಮಟ್ಟಿಗೆ ನೀರೇ ಹೊತ್ತುಕೊಳ್ಳುತ್ತದೆ. ಹೊರಗಿನ ನೆರವು ಬೇಕಾದದ್ದು ನೀರಿನ ಮೇಲೆ ಉಳಿಯಬೇಕಾದ ತಲೆಗೆ ಮಾತ್ರ. ದೊಡ್ಡವರ ತಲೆಯ ತೂಕ ನಾಲ್ಕೈದು ಕಿಲೋ. ಆದುದರಿಂದಲೇ ನಾಲ್ಕೈದು ಕಿಲೋದಷ್ಟು ನೆರವು ಸಿಕ್ಕರೆ ಬಾಯಿ, ಮೂಗು ನೀರಿನ ಮೇಲೆ ಉಳಿಯುತ್ತವೆ. ಆದರೆ ಮುಳುಗುತ್ತಿರುವವರು ಗಾಬರಿಯಿಂದ ಎರಡೂ ಕೈ ಮೇಲೆತ್ತಿದರೆ ಆ ಕೈಗಳ ಭಾರವನ್ನೂ ಹೊರುವವರಿಲ್ಲದೆ ತಲೆ ಕೆಳಗಿಳಿಯುತ್ತದೆ. ಕೈಗಳನ್ನು ನೀರಿನೊಳಗೇ ಇಟ್ಟುಕೊಳ್ಳಿ ಎಂದು ಈಜು ಕಲಿಸುವವರು ಕೂಗಿ ಹೇಳುವುದು ಇದಕ್ಕೇ.

ಇನ್ನೊಂದು ಮಾತು. ಸಮುದ್ರದ ಉಪ್ಪುನೀರು ಸಿಹಿನೀರಿಗಿಂತ ಶೇಕಡಾ ಎರಡೂವರೆಯಷ್ಟು ಸಾಂದ್ರ. ಸಮುದ್ರದಲ್ಲಿ ಸಲೀಸಾಗಿ ತೇಲಿದೆನೆಂಬ ಧೈರ್ಯದ ಮೇಲೆ ಹೊಳೆಗೋ ಕಾಲುವೆಗೋ ಇಳಿಯಬಾರದು.

ಬುರುಡೆಯ ಮೊಮ್ಮಗ

ಬುರುಡೆಗೆ ಒಂದು ದೊಡ್ಡ ದೋಷವಿದೆ. ಅದರೊಳಗಿನ ಗಾಳಿಗೆ ಇರುವುದು ಒಂದೇ ಕೋಣೆ. ತೊಟ್ಟಿನ ಬಳಿ ಒಂದು ಬಿರುಕು ಬಿಟ್ಟರೆ ನೀರು ನುಗ್ಗಿ ಎಲ್ಲವೂ ಹೋಯಿತು. ಹಗ್ಗ ಜಾರಿದರಂತೂ ಬುರುಡೆ ಒಂದು ಕಡೆ, ಮನುಷ್ಯ ಒಂದು ಕಡೆ. ಗಾಳಿ ತುಂಬಿದ ಟ್ಯೂಬು, ಮುಚ್ಚಳ ಬಿಗಿದ ಎಣ್ಣೆ ಕ್ಯಾನು, ಮಕ್ಕಳು ತೋಳಿಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಬಳೆ ಎಲ್ಲಕ್ಕೂ ಇದೇ ದೋಷವಿದೆ. ಇವು ಆಟದ ಸಾಮಾನುಗಳು, ಪ್ರಾಣರಕ್ಷಕಗಳಲ್ಲ.

ಈ ದೋಷ ಕಳೆಯಲು ಜಗತ್ತು ಬಹಳ ದಿನ ಹುಡುಕಾಡಿತು. 1854ರಲ್ಲಿ ಬ್ರಿಟನ್ನಿನ ಕ್ಯಾಪ್ಟನ್ ವಾರ್ಡ್ ಎಂಬವರು ಜೀವರಕ್ಷಕ ದೋಣಿಯವರಿಗಾಗಿ ಕಾರ್ಕ್ ತುಂಡುಗಳನ್ನು ಹೊಲಿದ ಜಾಕೆಟ್ ತಯಾರಿಸಿದರು. ಆಮೇಲೆ ಬಿಳಿ ಬೂರುಗದ ಹತ್ತಿಯನ್ನು ತುಂಬುವ ರೂಢಿ ಬಂತು. ಬೂರುಗದ ಎಳೆಗಳು ಒಳಗೆ ಟೊಳ್ಳು, ಹೊರಗೆ ಮೇಣದಂಥ ಲೇಪ. ಆದರೆ ಅದನ್ನು ಒತ್ತಿ ಹಿಚುಕಿದರೆ, ಅದಕ್ಕೆ ಎಣ್ಣೆ ತಗುಲಿದರೆ ತೇಲುವ ಗುಣ ಕುಗ್ಗುತ್ತದೆ. ಇಂದಿನ ಜಾಕೆಟ್ಟಿನೊಳಗೆ ಇರುವುದು ಪ್ಲಾಸ್ಟಿಕ್ ಫೋಮ್. ಅದರಲ್ಲಿ ಲಕ್ಷಗಟ್ಟಲೆ ಸಣ್ಣ ಗಾಳಿಗುಳ್ಳೆಗಳಿದ್ದು ಪ್ರತಿ ಗುಳ್ಳೆಯ ಬಾಯಿಯೂ ಮುಚ್ಚಿರುತ್ತದೆ. ಒಂದು ಕಡೆ ಮುಳ್ಳು ಚುಚ್ಚಿದರೂ ಉಳಿದ ಗುಳ್ಳೆಗಳು ತಮ್ಮ ಕೆಲಸ ಮಾಡುತ್ತವೆ.

ಎಲ್ಲ ಫೋಮೂ ಇಂಥದಲ್ಲ ಎಂಬುದನ್ನು ಮನೆಯಲ್ಲೇ ಕಾಣಬಹುದು. ಬಕೆಟ್ಟಿನಲ್ಲಿ ಒಂದು ಹವಾಯಿ ಚಪ್ಪಲಿ, ಒಂದು ಪಾತ್ರೆ ತೊಳೆಯುವ ಸ್ಪಂಜು ಹಾಕಿ ಎರಡನ್ನೂ ನೀರೊಳಗೆ ಹಿಚುಕಿ ಬಿಡಿ. ಚಪ್ಪಲಿ ಪುಟಿದು ಮೇಲೆ ಬರುತ್ತದೆ. ಸ್ಪಂಜು ನೀರು ಕುಡಿದು ಭಾರವಾಗುತ್ತದೆ, ಏಕೆಂದರೆ ಅದರ ಗುಳ್ಳೆಗಳ ಬಾಯಿ ತೆರೆದಿರುತ್ತದೆ. ಜಾಕೆಟ್ಟಿನಲ್ಲಿ ಚಪ್ಪಲಿಯ ಜಾತಿಯ ಫೋಮ್ ಇರಬೇಕು, ಸ್ಪಂಜಿನ ಜಾತಿಯದಲ್ಲ. ಹೊರಗಿನ ಬಟ್ಟೆ ನೋಡಿ ಇದನ್ನು ಹೇಳಲಾಗದು. 2016ರ ಜನವರಿಯಲ್ಲಿ ಟರ್ಕಿಯ ಇಜ್ಮಿರ್ ನಗರದಲ್ಲಿ ಪೊಲೀಸರು ಸಾವಿರಕ್ಕೂ ಹೆಚ್ಚು ನಕಲಿ ಜಾಕೆಟ್ಟುಗಳನ್ನು ಹಿಡಿದರು. ಸಮುದ್ರ ದಾಟುವ ನಿರಾಶ್ರಿತರಿಗೆ ಮಾರಲು ಹೊಲಿದ ಅವುಗಳಲ್ಲಿ ತೇಲದ ವಸ್ತುವನ್ನು ತುಂಬಿದ್ದರು.

ಎರಡು ಜಾತಿ, ಎರಡು ಕೆಲಸ

ನಾವು ಎಲ್ಲವನ್ನೂ ಲೈಫ್ ಜಾಕೆಟ್ ಎಂದೇ ಕರೆಯುತ್ತೇವೆ. ನಿಜದಲ್ಲಿ ಎರಡು ಬಗೆಗಳಿವೆ. ಕಯಾಕಿಂಗ್ ಮಾಡುವವರು ತೊಡುವ ಗಿಡ್ಡನೆಯ, ತೋಳಿಲ್ಲದ ಅಂಗಿಗೆ ಬಾಯನ್ಸಿ ಏಡ್ ಎನ್ನುತ್ತಾರೆ. ಎಂದರೆ ತೇಲಲು ನೆರವಾಗುವ ಅಂಗಿ. ಹೆಸರಿನಲ್ಲೇ ಇರುವಂತೆ ಇದು ಬರಿ ನೆರವು, ಉಳಿದದ್ದನ್ನು ತೊಟ್ಟವರೇ ಮಾಡಬೇಕು. ಇದರ ಫೋಮ್ ಎದೆ ಬೆನ್ನುಗಳ ಸುತ್ತ ಹರಡಿರುತ್ತದೆ. ಹುಟ್ಟು ಹಾಕಲು ಕೈ ಆಡುತ್ತದೆ, ಬಿದ್ದರೆ ಈಜಲೂ ಬರುತ್ತದೆ. ಆದರೆ ಪ್ರಜ್ಞೆ ತಪ್ಪಿ ಬೋರಲಾಗಿ ಬಿದ್ದವರನ್ನು ಇದು ಮುಖ ಮೇಲಾಗುವಂತೆ ತಿರುಗಿಸುವುದಿಲ್ಲ.

ನಿಜವಾದ ಲೈಫ್ ಜಾಕೆಟ್ಟಿನಲ್ಲಿ ಫೋಮಿನ ಹೆಚ್ಚು ಭಾಗ ಎದೆಯ ಮೇಲೆ ಮತ್ತು ಕತ್ತಿನ ಹಿಂದಿನ ಕಾಲರಿನಲ್ಲಿ ಇರುತ್ತದೆ. ದೇಹದ ಭಾರ ಕೆಳಕ್ಕೆ, ಎದೆಯ ಫೋಮ್ ಮೇಲಕ್ಕೆ ಎಳೆದು ಮನುಷ್ಯ ಅಂಗಾತ ಆಗುತ್ತಾನೆ. ಕಾಲರು ತಲೆಗೆ ದಿಂಬಾಗುತ್ತದೆ. ಇದನ್ನು ತೊಟ್ಟು ಹುಟ್ಟು ಹಾಕುವುದು ತುಸು ಕಷ್ಟ.

ಐ.ಎಸ್.ಒ. 12402 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಇವುಗಳಿಗೆ 50, 100, 150, 275 ಎಂಬ ನಾಲ್ಕು ಮಟ್ಟಗಳಿವೆ. ಈ ಅಂಕಿಗಳು ದೊಡ್ಡವರ ಅಳತೆಯ ಜಾಕೆಟ್ಟಿನ ತೇಲುಶಕ್ತಿಯನ್ನು ನ್ಯೂಟನ್ನಿನಲ್ಲಿ ಸೂಚಿಸುತ್ತವೆ. 50ರದ್ದು ಕಯಾಕಿಂಗಿನ ಅಂಗಿ. ಈಜು ಬಲ್ಲವರಿಗೆ, ದಡ ಅಥವಾ ಸಹಾಯ ಹತ್ತಿರವಿರುವ ಕಡೆಗೆ ಇದು ಸಾಕು. 100ರದ್ದು ಶಾಂತ ನೀರಿಗೆ, 150 ಮತ್ತು 275ರವು ಸಮುದ್ರದ ಕೆಲಸಕ್ಕೆ. ಪಾಲಕರು ನೆನಪಿಡಬೇಕಾದ ಮಾತು ಇಷ್ಟೇ. ಈಜು ಬಾರದ ಮಗುವಿಗೆ 50ರ ಅಂಗಿ ಸಾಲದು. ಅದಕ್ಕೆ ಕಾಲರು ಇರುವ 100ರ ಜಾಕೆಟ್ಟೇ ಬೇಕು.

ಆರಿಸುವಾಗ

ಶಾಲೆಯ ಸಮವಸ್ತ್ರ ಹೊಲಿಸುವಾಗ ನಾವು ದರ್ಜಿಗೆ ಹೇಳುವ ಮಾತು ಒಂದಿದೆ: ‘ಬೆಳೆಯುವ ಹುಡುಗ, ಸ್ವಲ್ಪ ದೊಡ್ಡದೇ ಇರಲಿ.’ ಜಾಕೆಟ್ಟಿನ ವಿಷಯದಲ್ಲಿ ಈ ಮಾತು ಅಪಾಯಕಾರಿ. ಸಡಿಲವಾದ ಜಾಕೆಟ್ ನೀರಿನಲ್ಲಿ ತಾನು ಮೇಲೆ ತೇಲುತ್ತದೆ, ಮಗು ಅದರೊಳಗಿನಿಂದ ಕೆಳಗೆ ಜಾರುತ್ತದೆ. ಒಳಗಿನ ಚೀಟಿಯಲ್ಲಿ ಯಾವ ತೂಕದವರಿಗೆ, ಎಷ್ಟು ಎದೆಯಳತೆಯವರಿಗೆ ಎಂದು ಬರೆದಿರುತ್ತದೆ. ವಯಸ್ಸನ್ನಲ್ಲ, ತೂಕ ಮತ್ತು ಎದೆಯಳತೆಯನ್ನು ನೋಡಿ ಆರಿಸಬೇಕು. ಚೀಟಿಯೇ ಇಲ್ಲದ ಜಾಕೆಟ್ಟನ್ನು ಅಗ್ಗವೆಂದು ಕೊಳ್ಳಬೇಡಿ.

ತೊಡಿಸಿ ಎಲ್ಲ ಬಕಲ್ಲುಗಳನ್ನೂ ಹಾಕಿ, ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಬಿಗಿಯಿರಿ. ಆಮೇಲೆ ಎರಡೂ ಭುಜಗಳ ಬಳಿ ಹಿಡಿದು ಜಾಕೆಟ್ಟನ್ನು ಮೇಲಕ್ಕೆ ಎಳೆಯಿರಿ. ಅದು ಗದ್ದ, ಕಿವಿಗಳವರೆಗೆ ಏರಿದರೆ ಸಡಿಲವೆಂದು ಅರ್ಥ. ಏರದೆ ನಿಂತು, ದೀರ್ಘವಾಗಿ ಉಸಿರೆಳೆದಾಗ ಎದೆ ಬಿಗಿಯದಿದ್ದರೆ ಸರಿಯಾದ ಅಳತೆ. ಸಣ್ಣ ಮಕ್ಕಳ ಜಾಕೆಟ್ಟಿಗೆ ತೊಡೆಗಳ ಸಂದಿಯಿಂದ ಹಾಯುವ ಪಟ್ಟಿ ಇರಲೇಬೇಕು.

ಕಯಾಕಿಗೆಂದು ಕೊಳ್ಳುವುದಾದರೆ ಇನ್ನೊಂದು ಪರೀಕ್ಷೆ ಇದೆ. ಜಾಕೆಟ್ ತೊಟ್ಟು ನೆಲದ ಮೇಲೆ ಕಾಲು ಚಾಚಿ ಕುಳಿತು, ಒಂದು ಕೋಲು ಹಿಡಿದು ಹುಟ್ಟು ಹಾಕಿದಂತೆ ಕೈಯಾಡಿಸಿ. ಕಂಕುಳು ಉಜ್ಜಬಾರದು, ಅಂಚು ತೊಡೆಗೆ ತಾಗಿ ಮೇಲೇಳಬಾರದು. ಬಣ್ಣ ಕಿತ್ತಳೆ, ಹಳದಿ, ಕೆಂಪು ಇರಲಿ. ಮಣ್ಣುನೀರಿನಲ್ಲಿ ಕಂದು, ಹಸಿರು, ನೀಲಿ ಕಣ್ಣಿಗೆ ಬೀಳುವುದಿಲ್ಲ. ಒಂದು ಪ್ಲಾಸ್ಟಿಕ್ ಸೀಟಿಯನ್ನು ಅದಕ್ಕೆ ಕಟ್ಟಿರಬೇಕು. ಕೂಗಿ ಕೂಗಿ ಗಂಟಲು ಬಿದ್ದುಹೋಗುತ್ತದೆ, ಸೀಟಿಗೆ ಉಸಿರಿದ್ದರೆ ಸಾಕು.

ಕಣ್ಣು, ಕೈ, ತಕ್ಕಡಿ

ಒಂದು ಜಾಕೆಟ್ ಕೈಗೆ ಬಂದಾಗ ಮೊದಲು ಕಣ್ಣಿನ ಪರೀಕ್ಷೆ. ಬಟ್ಟೆಯ ಬಣ್ಣ ಮಂಕಾಗಿ ಬಿಳಿಚಿಕೊಂಡಿದ್ದರೆ ಅದು ಬಹಳ ದಿನ ಬಿಸಿಲು ತಿಂದಿದೆ. ಸೂರ್ಯನ ಅತಿನೇರಳೆ ಕಿರಣ ನೈಲಾನನ್ನೂ ಹೊಲಿಗೆಯ ದಾರವನ್ನೂ ಸವೆಸುತ್ತದೆ. ಹೊಲಿಗೆ ಬಿಟ್ಟಿದೆಯೇ, ಪಟ್ಟಿಯ ಎಳೆ ಕಿತ್ತಿದೆಯೇ, ಬಕಲ್ಲಿನ ಹಲ್ಲು ಮುರಿದಿದೆಯೇ ನೋಡಿ.

ಎರಡನೆಯದು ಕೈಯ ಪರೀಕ್ಷೆ. ಪ್ರತಿ ಬಕಲ್ಲನ್ನೂ ಹಾಕಿ ಜಗ್ಗಿ. ಜಿಪ್ಪನ್ನು ಪೂರ್ತಿ ಎಳೆದು ನೋಡಿ. ಫೋಮನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ. ತಗ್ಗು ತುಂಬಿ ಮೊದಲಿನಂತಾಗಬೇಕು. ತಗ್ಗು ಹಾಗೆಯೇ ಉಳಿದರೆ, ಒಳಗೆ ಚೂರು ಚೂರಾದ ಸದ್ದು ಬಂದರೆ, ಫೋಮ್ ಕುಗ್ಗಿ ಅದರ ಚೀಲ ಜೋತುಬಿದ್ದಿದ್ದರೆ ಅದರ ಆಯುಷ್ಯ ಮುಗಿದಂತೆ.

ಮೂರನೆಯದು ತಕ್ಕಡಿಯ ಪರೀಕ್ಷೆ. ಶಾಲೆಯ ವಿಜ್ಞಾನ ಸಂಘದವರು ಇದನ್ನು ಒಂದು ಪ್ರಯೋಗವಾಗಿಯೇ ಮಾಡಬಹುದು. ಕಿರಾಣಿ ಅಂಗಡಿಯಿಂದ 5 ಕಿಲೋ ಮತ್ತು 1 ಕಿಲೋದ ಎರಡು ಕಬ್ಬಿಣದ ತೂಕದ ಬಟ್ಟು ತನ್ನಿ. ದೊಡ್ಡವರ 50ರ ಜಾಕೆಟ್ಟನ್ನು ತುಂಬಿದ ಸಿಮೆಂಟ್ ತೊಟ್ಟಿಯಲ್ಲಿ ಮುಳುಗಿಸಿ, ಚೆನ್ನಾಗಿ ಹಿಚುಕಿ, ಬಟ್ಟೆಯ ಮಡಿಕೆಗಳಲ್ಲಿರುವ ಗಾಳಿಯನ್ನೆಲ್ಲ ಹೊರಡಿಸಿ. ಕೆಲವು ಗಂಟೆ ಹಾಗೆಯೇ ಭಾರ ಹೇರಿ ಮುಳುಗಿಸಿಡಿ. ಸ್ಪಂಜಿನ ಜಾತಿಯದಾದರೆ ಅಷ್ಟರಲ್ಲಿ ಅದರ ಬಣ್ಣ ಬಯಲಾಗುತ್ತದೆ. ಅನಂತರ ಬಟ್ಟುಗಳನ್ನು ಬಲೆಯ ಚೀಲದಲ್ಲಿ ಹಾಕಿ ಜಾಕೆಟ್ಟಿಗೆ ಕಟ್ಟಿ ಬಿಡಿ. ಚೀಲ ತಳ ಮುಟ್ಟದಷ್ಟು ನೀರು ಆಳವಾಗಿರಬೇಕು. ಜಾಕೆಟ್ ತೇಲಿದರೆ ಪಾಸು, ಮುಳುಗಿದರೆ ನಪಾಸು.

ಐದು ಕಿಲೋ ಸಾಲದೇ, ಆರು ಏಕೆ ಎಂದು ಜಾಣ ವಿದ್ಯಾರ್ಥಿ ಕೇಳಬೇಕು. ಆರು ಕಿಲೋ ಎರಕದ ಕಬ್ಬಿಣವೂ ಸುಮಾರು 0.8 ಲೀಟರ್ ನೀರನ್ನು ಸರಿಸುತ್ತದೆ. ಅಷ್ಟು ಭಾರವನ್ನು ನೀರೇ ಹೊರುತ್ತದೆ. ಜಾಕೆಟ್ಟಿನ ಪಾಲಿಗೆ ಉಳಿಯುವುದು 5.2 ಕಿಲೋ, ಎಂದರೆ 50 ನ್ಯೂಟನ್ನಿಗಿಂತ ಚೂರು ಹೆಚ್ಚು. ಐದು ಕಿಲೋದ ಬಟ್ಟನ್ನಷ್ಟೇ ಕಟ್ಟಿದ್ದರೆ ನಾವು ಪರೀಕ್ಷಿಸಿದ್ದು 42 ನ್ಯೂಟನ್ ಮಾತ್ರ ಆಗುತ್ತಿತ್ತು. ಬಟ್ಟಿನ ಬದಲು ಆರು ಕಿಲೋ ಕಲ್ಲು ಕಟ್ಟಿದರಂತೂ ಪೂರಾ ಮೋಸ. ನಮ್ಮ ಬೆಟ್ಟಗಳ ಗ್ರಾನೈಟ್ ಕಲ್ಲಿನ ಸಾಂದ್ರತೆ ನೀರಿನ 2.7 ಪಟ್ಟು ಮಾತ್ರ. ನೀರಿನಲ್ಲಿ ಅದರ ಭಾರ 3.8 ಕಿಲೋಗೆ ಇಳಿದು, ನಪಾಸಾಗಬೇಕಾದ ಜಾಕೆಟ್ಟೂ ಪಾಸಾಗಿಬಿಡುತ್ತದೆ! ಬೇರೆ ಅಳತೆಯ ಜಾಕೆಟ್ಟಿಗೆ ಚೀಟಿಯಲ್ಲಿರುವ ನ್ಯೂಟನ್ ಸಂಖ್ಯೆಯನ್ನು 8.5ರಿಂದ ಭಾಗಿಸಿದರೆ ಎಷ್ಟು ಕಿಲೋ ಕಬ್ಬಿಣ ಕಟ್ಟಬೇಕೆಂಬುದು ತಿಳಿಯುತ್ತದೆ. 100 ನ್ಯೂಟನ್ನಿನದಕ್ಕೆ ಹತ್ತಿರ ಹತ್ತಿರ 12 ಕಿಲೋ.

ವರ್ಷಕ್ಕೊಮ್ಮೆ, ಪ್ರವಾಸದ ಕಾಲಕ್ಕೆ ಮುಂಚೆ ಈ ಪರೀಕ್ಷೆ ಆಗಬೇಕು. ನಪಾಸಾದ ಜಾಕೆಟ್ಟನ್ನು ಮೂಲೆಗೆ ಎಸೆದರೆ ಸಾಲದು. ಪಟ್ಟಿಗಳನ್ನು ಕತ್ತರಿಸಿ ಯಾರೂ ತೊಡದಂತೆ ಮಾಡಬೇಕು.

ಜೋಪಾನ

ಜಾಕೆಟ್ಟಿನ ಆರೈಕೆಗೆ ಹಣ ಬೇಕಿಲ್ಲ. ಬಳಸಿದ ಮೇಲೆ ಸ್ವಚ್ಛ ನೀರಿನಲ್ಲಿ ಮಣ್ಣು, ಮರಳು, ಉಪ್ಪು ಹೋಗುವಂತೆ ಜಾಲಿಸಿ. ಬಕಲ್ಲು ಜಿಪ್ಪುಗಳಲ್ಲಿ ಕುಳಿತ ಮರಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ನೆರಳಿನಲ್ಲಿ, ಗಾಳಿಯಾಡುವಲ್ಲಿ ತೂಗುಹಾಕಿ ಒಣಗಿಸಿ. ನಮ್ಮ ಕಡೆಯ ಏಪ್ರಿಲ್ ಮೇ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಹರವಿದರೆ ಬೇಗ ಒಣಗುತ್ತದೆ ನಿಜ, ಬೇಗ ಸಾಯುತ್ತದೆ ಕೂಡ. ಒದ್ದೆಯಿದ್ದಾಗಲೇ ಗಂಟು ಕಟ್ಟಿಟ್ಟರೆ ಬೂಸು ಹಿಡಿಯುತ್ತದೆ. ವಾಷಿಂಗ್ ಮೆಷಿನ್ನಿಗೆ ಹಾಕಬಾರದು. ಸೀಮೆಎಣ್ಣೆ, ಪೆಟ್ರೋಲು ತಗುಲಬಾರದು.

ಎಲ್ಲಕ್ಕಿಂತ ಹೆಚ್ಚಾಗಿ ಅದನ್ನು ಮಣೆ ಮಾಡಿಕೊಂಡು ಕೂಡಬಾರದು. ದೋಣಿಯ ಹಲಗೆ ಗಟ್ಟಿಯೆಂದು ಮಕ್ಕಳು ಮಾಡುವ ಮೊದಲ ಕೆಲಸ ಇದೇ. ಮೇಲಿಂದ ಮೇಲೆ ಭಾರ ಬಿದ್ದರೆ ಫೋಮಿನ ಗುಳ್ಳೆಗಳು ಒಡೆದು ಚಪ್ಪಟೆಯಾಗುತ್ತವೆ. ಗಾತ್ರ ಕುಗ್ಗಿದಷ್ಟೂ ಸರಿಸುವ ನೀರು ಕಡಿಮೆ, ಮೇಲೆತ್ತುವ ಬಲವೂ ಕಡಿಮೆ. ಮತ್ತೆ ಆರ್ಕಿಮಿಡೀಸನೇ!

ತೊಟ್ಟರೆ ಜಾಕೆಟ್, ಇಟ್ಟರೆ ಗಂಟು

1861ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ವಿಟ್ಬಿ ಬಂದರಿನಲ್ಲಿ ಬಿರುಗಾಳಿಗೆ ಸಿಕ್ಕ ಹಡಗುಗಳ ಜನರನ್ನು ಉಳಿಸಲು ಹೋದ ದೋಣಿ ಮಗುಚಿತು. ಅದರಲ್ಲಿದ್ದ 13 ಮಂದಿಯಲ್ಲಿ 12 ಮಂದಿ ಸತ್ತರು. ಬದುಕಿದ ಹೆನ್ರಿ ಫ್ರೀಮನ್ ಒಬ್ಬನೇ ಆ ಹೊಸ ಕಾರ್ಕ್ ಜಾಕೆಟ್ ತೊಟ್ಟಿದ್ದವನು. ಅದಾಗಿ ಒಂದೂವರೆ ಶತಮಾನದ ಮೇಲೆ, 2019ರ ಜನವರಿ 21ರಂದು, ನಮ್ಮ ಕಾರವಾರದ ಬಳಿ ಕೂರ್ಮಗಡ ನಡುಗಡ್ಡೆಯ ನರಸಿಂಹ ಜಾತ್ರೆಗೆ ಹೋಗಿ ಮರಳುತ್ತಿದ್ದವರ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಮಿತಿಮೀರಿ ಜನ ತುಂಬಿದ್ದ ಆ ದೋಣಿಯಲ್ಲಿದ್ದವರ ಮೈಮೇಲೆ ಜಾಕೆಟ್ ಇರಲಿಲ್ಲ. 2020ರ ಆಗಸ್ಟ್‌ನಲ್ಲಿ ರಾಯಚೂರು ಕಡೆಯ ಕುರ್ವಕುಲ ನಡುಗಡ್ಡೆಯವರ ಹರಿಗೋಲು ತುಂಬಿದ ಕೃಷ್ಣೆಯಲ್ಲಿ ಮಗುಚಿ ಜೀವಹಾನಿಯಾಯಿತು.

ದೋಣಿ ಮಗುಚುವುದಕ್ಕೆ ಕ್ಷಣ ಸಾಕು. ಆ ಕ್ಷಣದಲ್ಲಿ ಜಾಕೆಟ್ ಹುಡುಕಿ, ತೋಳು ತೂರಿಸಿ, ಬಕಲ್ ಹಾಕಲು ಆಗದು. ಬಾಯಾರಿದಾಗ ಬಾವಿ ತೋಡಿದಂತೆ ಅದು. ನೆಲದ ಮೇಲಿರುವಾಗಲೇ ತೊಡಬೇಕು, ಮರಳಿ ನೆಲ ಮುಟ್ಟಿದ ಮೇಲೆಯೇ ಬಿಚ್ಚಬೇಕು. ಸೆಖೆಯೆಂದು ಎದೆಯ ಜಿಪ್ ಬಿಚ್ಚಿಟ್ಟರೆ, ಫೋಟೊ ಚೆನ್ನಾಗಿ ಬರಲೆಂದು ತೆಗೆದಿಟ್ಟರೆ ತೊಡದಿದ್ದಂತೆಯೇ.

ಪ್ರವಾಸದ ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಪಾಲಕರು ಸಾಮಾನ್ಯವಾಗಿ ಬಸ್ಸು ಯಾವುದು, ಊಟ ಹೇಗೆ ಎಂದು ಕೇಳುತ್ತಾರೆ. ನೀರಿನ ಆಟ ಇದ್ದರೆ ಇನ್ನು ನಾಲ್ಕು ಪ್ರಶ್ನೆಗಳನ್ನು ಕೇಳಿ. ಮಕ್ಕಳ ಅಳತೆಯ ಜಾಕೆಟ್ಟುಗಳು ಅಲ್ಲಿವೆಯೇ, ಅಥವಾ ದೊಡ್ಡವರದನ್ನೇ ಬಿಗಿದು ಕಟ್ಟುತ್ತಾರೆಯೇ? ಅವನ್ನು ಕಳೆದ ಬಾರಿ ಪರೀಕ್ಷಿಸಿದ್ದು ಯಾವಾಗ? ಈಜು ಬಾರದ ಮಕ್ಕಳಿಗೆ ಬೇರೆ ಜಾಕೆಟ್ ಇದೆಯೇ? ಮಕ್ಕಳ ಜೊತೆ ನೀರಿನಲ್ಲಿ ಇರುವ ತರಬೇತಿಯಾದವರು ಎಷ್ಟು ಮಂದಿ? ಇದನ್ನು ಅಪನಂಬಿಕೆ ಎಂದು ಯಾವ ಒಳ್ಳೆಯ ಶಿಕ್ಷಕನೂ ತಿಳಿಯುವುದಿಲ್ಲ. ಉತ್ತರ ಸಿಗದಿದ್ದರೆ ಮಕ್ಕಳು ದಡದಲ್ಲಿ ಕುಳಿತು ನೋಡಲಿ. ದೋಣಿಯ ಆಟ ಮುಂದಿನ ವರ್ಷವೂ ಇರುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಮಾತು. ನಾರಾಯಣಪುರ ಎಡದಂಡೆ ಕಾಲುವೆಯಲ್ಲೋ ಬಾವಿಯಲ್ಲೋ ಯಾರಾದರೂ ಮುಳುಗುತ್ತಿರುವುದನ್ನು ಕಂಡರೆ ನೀವು ಹಾರಬೇಡಿ. ಗಾಬರಿಗೊಂಡವರು ಉಳಿಸಲು ಬಂದವರನ್ನೂ ಹಿಡಿದು ಮುಳುಗಿಸುತ್ತಾರೆ. ಜನರನ್ನು ಕೂಗಿ ಕರೆಯಿರಿ. ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಎಸೆಯಿರಿ, ಎದೆಗವಚಿ ಹಿಡಿಯಲು ಹೇಳಿ, ಎಳೆಯಿರಿ. ಮೈಗೆ ಕಟ್ಟಿಕೊಂಡು ಈಜಲು ಆ ಕ್ಯಾನು ತಕ್ಕದ್ದಲ್ಲವಾದರೂ ಎಸೆಯಲು ಅಡ್ಡಿಯಿಲ್ಲ. ಅದು ಹೆಚ್ಚೂ ಕಡಿಮೆ ಐದು ಕಿಲೋ ಎತ್ತುತ್ತದೆ, ಎಂದರೆ ಒಂದು ತಲೆಯ ಭಾರ.

ನಡುಗಡ್ಡೆಯವರು ಬುರುಡೆಯನ್ನು ನಂಬಿದ್ದು ಬೇರೆ ದಾರಿಯಿಲ್ಲದೆ. ಮೋಜಿಗಾಗಿ ನೀರಿಗಿಳಿಯುವ ನಮಗೆ ಆ ಒತ್ತಾಯವಿಲ್ಲ. ಜಾಕೆಟ್ಟನ್ನು ನೋಡಿ, ಜಗ್ಗಿ, ತೂಗಿ, ಬಿಗಿದು ತೊಡುವಷ್ಟು ಸಮಯ ನಮ್ಮ ಕೈಯಲ್ಲಿದೆ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು ಎಂಬ ಗಾದೆಯನ್ನು ಧೈರ್ಯಕ್ಕೆ ಹೇಳುವುದುಂಟು. ಧೈರ್ಯ ಇರಲಿ, ಅದರ ಕೆಳಗೆ ಐವತ್ತು ನ್ಯೂಟನ್ನಿನ ಆಧಾರವೂ ಇರಲಿ.